ಸೊನ್ನೆಯಲ್ಲಿ ನಿಲ್ಲುವ ಥರ್ಮಾಮೀಟರು

ನೀರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಅದೇ ಸೊನ್ನೆ ಡಿಗ್ರಿಯಲ್ಲಿ ಐಸು ಕರಗುತ್ತದೆ. ಶಾಲೆಯ ವಿಜ್ಞಾನದಲ್ಲಿ ಇದು ಒಂದೆರಡು ಸಾಲಿನ ಮಾತು. ತಂಪು ಮಾಡಿದರೆ ನೀರು ಗಟ್ಟಿಯಾಗುತ್ತದೆ, ಬಿಸಿ ತಾಗಿದರೆ ಮತ್ತೆ ನೀರಾಗುತ್ತದೆ, ಇದು ಭೌತ ಬದಲಾವಣೆ ಎಂದು ಬರೆಸಿ ಮುಂದಿನ ಪಾಠಕ್ಕೆ ಹೋಗುವುದು ರೂಢಿ. ಆದರೆ ಮಕ್ಕಳು ನಿಜವಾಗಿ ಕಲಿಯಬೇಕಾದದ್ದು ಈ ಎರಡು ಸ್ಥಿತಿಗಳ ನಡುವಿನ ಹೊತ್ತಿನಲ್ಲಿದೆ. ಐಸು ಕರಗುತ್ತಿರುವಷ್ಟು ಕಾಲ ಸುತ್ತಲಿನ ಉಷ್ಣ ಅದರೊಳಗೆ ಹೋಗುತ್ತಲೇ ಇರುತ್ತದೆ, ತಾಪಮಾನ ಮಾತ್ರ ಏರುವುದಿಲ್ಲ. ಇದನ್ನು ಮಗು ತನ್ನ ಕಣ್ಣಿನಿಂದ ಕಂಡರೆ ಉಷ್ಣ ಬೇರೆ, ತಾಪಮಾನ ಬೇರೆ ಎಂಬ ತಿಳಿವು ಅಲ್ಲೇ ಮೊಳೆಯುತ್ತದೆ. ಬರೀ ಬಾಯಿಪಾಠದಿಂದ ಅದು ಬರುವುದಿಲ್ಲ.

ತಮಿಳುನಾಡಿನ ಗಡಿಯಲ್ಲಿರುವ ಹೊಸೂರು ಸೀಮೆಯಲ್ಲಿ ಈ ಪಾಠಕ್ಕೆ ಒಂದು ತೊಡಕಿದೆ. ಇಲ್ಲಿ ನೀರು ತಾನಾಗಿ ಹೆಪ್ಪುಗಟ್ಟುವುದನ್ನು ಯಾರೂ ಕಂಡಿಲ್ಲ. ಹೊಸೂರು, ತಳಿ, ಬಾಗಲೂರು, ಡೆಂಕಣಿಕೋಟೆಯ ಕಡೆ ನೆಲ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಅಲ್ಲಿಂದ ಘಟ್ಟ ಇಳಿದರೆ ಸಿಗುವ ಕೃಷ್ಣಗಿರಿ ಇನ್ನೂ ತಗ್ಗು, ಇನ್ನೂ ಬಿಸಿಲು. ಪಕ್ಕದ ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಹೀಗಾಗಿ ಇಲ್ಲಿನ ಮಕ್ಕಳಿಗೆ ಐಸು ಎಂದರೆ ಮೀನಂಗಡಿಯ ಪೆಟ್ಟಿಗೆಯಲ್ಲಿ ಒಡೆದು ಹಾಕಿರುವ ಗಡ್ಡೆ, ಜ್ಯೂಸ್ ಅಂಗಡಿಯ ಚೂರು, ಮನೆಯ ಫ್ರಿಜ್ಜಿನ ಟ್ರೇ. ವರ್ಷದಲ್ಲಿ ಒಂದೆರಡು ಸಲ ಬೇಸಿಗೆಯ ಮಳೆಯೊಡನೆ ಬೀಳುವ ಆಲಿಕಲ್ಲು. ಎಲ್ಲವೂ ಆಗಲೇ ಗಟ್ಟಿಯಾಗಿ ಕೈಗೆ ಬರುವಂಥವು. ಕರಗುವುದು ಕಣ್ಣಿಗೆ ಕಾಣುತ್ತದೆ, ಗಟ್ಟಿಯಾಗುವುದು ಮುಚ್ಚಿದ ಬಾಗಿಲಿನ ಹಿಂದೆ ನಡೆಯುತ್ತದೆ. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಹೆಪ್ಪುಗಟ್ಟುವುದು ಮೊದಲು, ಕರಗುವುದು ಆಮೇಲೆ ಬರುತ್ತದೆ. ಈ ಸೀಮೆಯ ತರಗತಿಗೆ ಆ ಕ್ರಮ ಹೊಂದುವುದಿಲ್ಲ. ಕರಗುವುದರಿಂದಲೇ ಶುರು ಮಾಡಬೇಕು.

ಪಾಠಕ್ಕೆ ಮುಂಚೆಯೇ ಮಕ್ಕಳ ಮನಸ್ಸಿನಲ್ಲಿ ಐಸಿನ ಬಗ್ಗೆ ಅವರದೇ ಆದ ವಿವರಣೆಗಳಿರುತ್ತವೆ. ಕರಗಿದರೆ ತೂಕ ಕಡಿಮೆಯಾಗುತ್ತದೆ, ಐಸಿನಿಂದ ಚಳಿ ಹೊರಗೆ ಬರುತ್ತದೆ, ಕಂಬಳಿ ಬಿಸಿ ಕೊಡುತ್ತದೆ ಎಂಬಂಥವು. ನ್ಯೂಜಿಲೆಂಡಿನ ಆಸ್ಬರ್ನ್ ಮತ್ತು ಕಾಸ್‌ಗ್ರೋವ್ 1983ರಲ್ಲಿ ಪ್ರಕಟಿಸಿದ ಅಧ್ಯಯನ ನೀರಿನ ಸ್ಥಿತಿ ಬದಲಾವಣೆಯ ಬಗ್ಗೆ ಮಕ್ಕಳ ಇಂಥ ಕಲ್ಪನೆಗಳನ್ನೇ ಕೂಡಿಸಿ ನೋಡಿತು. ಪಾಠ ಮುಗಿಸಿದ ದೊಡ್ಡ ಮಕ್ಕಳಲ್ಲೂ ಹಲವು ಕಲ್ಪನೆಗಳು ಹಾಗೆಯೇ ಉಳಿದಿದ್ದವು. ಇವನ್ನು ತಪ್ಪೆಂದು ಹೊಡೆದುಹಾಕುವುದರಿಂದ ಪ್ರಯೋಜನವಿಲ್ಲ. ಪ್ರತಿ ಪ್ರಯೋಗಕ್ಕೂ ಮುಂಚೆ ಏನಾಗಬಹುದು ಎಂದು ಮಕ್ಕಳಿಂದಲೇ ಹೇಳಿಸಿ, ಅದನ್ನು ಕಪ್ಪುಹಲಗೆಯ ಮೇಲೆ ಬರೆದಿಡಬೇಕು. ತಾನು ಹೇಳಿದ್ದಕ್ಕೂ ಕಂಡದ್ದಕ್ಕೂ ವ್ಯತ್ಯಾಸ ಬಂದಾಗಲೇ ಮಗು ಯೋಚನೆಗೆ ತೊಡಗುತ್ತದೆ.

ಮೊದಲ ಪ್ರಯೋಗಕ್ಕೆ ಒಂದು ಸ್ಟೀಲ್ ತಟ್ಟೆ, ಒಂದು ಮರದ ಹಲಗೆ, ಒಂದೇ ಗಾತ್ರದ ಎರಡು ಐಸಿನ ತುಂಡು ಸಾಕು. ಮಕ್ಕಳು ತಟ್ಟೆ, ಹಲಗೆ ಎರಡನ್ನೂ ಮುಟ್ಟಿ ನೋಡಲಿ. ಸ್ಟೀಲು ತಣ್ಣಗಿದೆ, ಮರ ಬೆಚ್ಚಗಿದೆ ಎನ್ನುತ್ತಾರೆ. ಹಾಗಾದರೆ ಐಸು ಎಲ್ಲಿ ಬೇಗ ಕರಗುತ್ತದೆ ಎಂದು ಕೇಳಿದರೆ ಹೆಚ್ಚಿನವರ ಉತ್ತರ ಮರದ ಮೇಲೆ ಎಂದೇ. ಆಗುವುದು ತಿರುಗುಮುರುಗು: ಸ್ಟೀಲಿನ ಮೇಲಿನ ತುಂಡು ನೋಡನೋಡುತ್ತಲೇ ನೀರಾಗುತ್ತದೆ, ಹಲಗೆಯ ಮೇಲಿನದು ಬಹಳ ಹೊತ್ತು ಉಳಿಯುತ್ತದೆ. ತಟ್ಟೆ, ಹಲಗೆ ಎರಡೂ ಕೋಣೆಯ ತಾಪಮಾನದಲ್ಲೇ ಇವೆ. ಸ್ಟೀಲು ಉಷ್ಣವನ್ನು ಬೇಗ ಸಾಗಿಸುತ್ತದೆ, ಮರ ನಿಧಾನವಾಗಿ. ಕೈಯಿಟ್ಟಾಗ ಸ್ಟೀಲು ಕೈಯ ಉಷ್ಣವನ್ನು ಬೇಗ ಎಳೆದುಕೊಂಡಿತು, ತಣ್ಣಗೆನಿಸಿತು. ಐಸಿಟ್ಟಾಗ ತನ್ನ ಉಷ್ಣವನ್ನು ಅಷ್ಟೇ ಬೇಗ ಕೊಟ್ಟಿತು. ಕೈ ಅಳೆಯುವುದು ತಾಪಮಾನವನ್ನಲ್ಲ ಎಂಬುದು ಇಲ್ಲಿಯೇ ತಿಳಿಯುತ್ತದೆ, ಥರ್ಮಾಮೀಟರು ಯಾಕೆ ಬೇಕು ಎಂಬುದೂ.

ಎರಡನೆಯದು ಕಂಬಳಿಯ ಪ್ರಯೋಗ. ಒಂದು ಗಡ್ಡೆಯನ್ನು ಕುರಿ ಉಣ್ಣೆಯ ಕಂಬಳಿಯಲ್ಲಿ ಸುತ್ತಿ, ಅಷ್ಟೇ ತೂಕದ ಇನ್ನೊಂದನ್ನು ಬರಿದೇ ಇಟ್ಟು, ಮೂರನೆಯದನ್ನು ಮರದ ಹೊಟ್ಟಿನಲ್ಲಿ, ನಾಲ್ಕನೆಯದನ್ನು ಒಣ ರಾಗಿ ಹುಲ್ಲಿನಲ್ಲಿ ಹುದುಗಿಸಬಹುದು. ಕಂಬಳಿಯೊಳಗಿನದು ಮೊದಲು ಕರಗುತ್ತದೆ ಎಂದು ಪಂತ ಕಟ್ಟುವ ಮಕ್ಕಳೇ ಜಾಸ್ತಿ, ಯಾಕೆಂದರೆ ಕಂಬಳಿ ಬೆಚ್ಚಗಿರಿಸುತ್ತದೆ. ಒಂದು ಗಂಟೆಯ ನಂತರ ಬಿಚ್ಚಿ ತೂಗಿದರೆ ಬರಿದೇ ಇಟ್ಟದ್ದೇ ಹೆಚ್ಚು ಕರಗಿರುತ್ತದೆ. ಕಂಬಳಿ ಉಷ್ಣವನ್ನು ಹುಟ್ಟಿಸುವುದಿಲ್ಲ, ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಉಷ್ಣದ ಓಡಾಟವನ್ನು ತಡೆಯುತ್ತದೆ. ಒಳಗೆ ಮನುಷ್ಯನಿದ್ದರೆ ಅವನ ಬಿಸಿ ಹೊರಗೆ ಹೋಗದು, ಐಸಿದ್ದರೆ ಹೊರಗಿನ ಬಿಸಿ ಒಳಗೆ ಬಾರದು.

ಈ ಒಂದು ಗುಣವನ್ನು ನೆಚ್ಚಿಕೊಂಡು ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ದೊಡ್ಡ ವ್ಯಾಪಾರವೇ ನಡೆಯಿತು. ಅಮೆರಿಕದ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕ ಚಳಿಗಾಲದಲ್ಲಿ ಗಡ್ಡೆಕಟ್ಟಿದ ಕೆರೆಗಳಿಂದ ಐಸು ಕೊಯ್ಯಿಸಿ, ಮರದ ಹೊಟ್ಟಿನಲ್ಲಿ ಹುದುಗಿಸಿ, ಹಡಗಿನಲ್ಲಿ ದೂರದೇಶಗಳಿಗೆ ಕಳಿಸುತ್ತಿದ್ದ. 1833ರಲ್ಲಿ ‘ಟಸ್ಕನಿ’ ಎಂಬ ಹಡಗು ಸುಮಾರು 180 ಟನ್ ಐಸು ಹೊತ್ತು ಹೊರಟು, ನಾಲ್ಕು ತಿಂಗಳ ಪ್ರಯಾಣದಲ್ಲಿ ಎರಡು ಸಲ ಭೂಮಧ್ಯರೇಖೆ ದಾಟಿ ಕಲ್ಕತ್ತಾ ಮುಟ್ಟಿದಾಗ ಇನ್ನೂ ಸುಮಾರು 100 ಟನ್ ಉಳಿದಿತ್ತು. ಮದ್ರಾಸಿನಲ್ಲಿ ಹೀಗೆ ಬಂದ ಐಸನ್ನು ಕೂಡಿಡಲು 1842ರಲ್ಲಿ ಕಡಲ ಕರೆಯಲ್ಲಿ ಕಟ್ಟಿದ ‘ಐಸ್ ಹೌಸ್’ ಇಂದಿಗೂ ಇದೆ. ಸ್ವಾಮಿ ವಿವೇಕಾನಂದರು 1897ರಲ್ಲಿ ಕೆಲವು ದಿನ ತಂಗಿದ್ದ ಆ ಕಟ್ಟಡಕ್ಕೆ ಈಗ ವಿವೇಕಾನಂದರ್ ಇಲ್ಲಂ ಎಂದು ಹೆಸರು. ಚೆನ್ನೈಗೆ ಶಾಲಾ ಪ್ರವಾಸ ಹೋಗುವ ಮಕ್ಕಳಿಗೆ ಅದನ್ನು ತೋರಿಸುವಾಗ ಮರದ ಹೊಟ್ಟಿನ ಕತೆಯನ್ನೂ ಹೇಳಬೇಕು.

ಇನ್ನು ಪಾಠದ ತಿರುಳಿಗೆ ಬರಬೇಕು. ಇದಕ್ಕೆ ಪ್ರಯೋಗಶಾಲೆಯ ಥರ್ಮಾಮೀಟರು ಬೇಕು. ಜ್ವರ ನೋಡುವ ಥರ್ಮಾಮೀಟರು ಸುಮಾರು 35ರಿಂದ 42 ಡಿಗ್ರಿಯವರೆಗೆ ಮಾತ್ರ ಅಳೆಯುವುದರಿಂದ ಆಗದು. ಒಂದು ಲೋಟದಲ್ಲಿ ಪುಡಿಮಾಡಿದ ಐಸು, ಅದು ನೆನೆಯುವಷ್ಟು ನೀರು ಹಾಕಿ ಥರ್ಮಾಮೀಟರಿನ ಬುಡ ಮುಳುಗಿಸಿದರೆ ಅದು ಸೊನ್ನೆಗೆ ಇಳಿದು ನಿಲ್ಲುತ್ತದೆ. ಎರಡೆರಡು ನಿಮಿಷಕ್ಕೊಮ್ಮೆ ಒಬ್ಬೊಬ್ಬರು ಬಂದು, ಕಲಕಿ, ಓದಿ, ಬರೆದುಕೊಳ್ಳಲಿ. ಐಸು ಅರ್ಧ ಕರಗಿದಾಗಲೂ ಸೊನ್ನೆಯ ಹತ್ತಿರವೇ, ಮುಕ್ಕಾಲು ಕರಗಿದಾಗಲೂ ಅಲ್ಲಿಯೇ. ಕೊನೆಯ ಚೂರು ಮಾಯವಾದ ಮೇಲೆ ಏರಲು ತೊಡಗುತ್ತದೆ. ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟು ಗೆರೆ ಎಳೆದರೆ ಮೊದಲು ಉದ್ದದ ಸಮತಟ್ಟು, ಆಮೇಲೆ ಏರು. ಥರ್ಮಾಮೀಟರು ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ಅದು ಒಳ್ಳೆಯ ಪ್ರಶ್ನೆ. ಇನ್ನೊಂದನ್ನು ಇಟ್ಟು ತೋರಿಸಬೇಕು.

ಹಾಗಾದರೆ ಅಷ್ಟು ಹೊತ್ತು ಒಳಗೆ ಹೋದ ಉಷ್ಣ ಎಲ್ಲಿ ಹೋಯಿತು? ಇದಕ್ಕೆ ಉತ್ತರ ಕೊಡುವ ಪ್ರಯೋಗ ಇಡೀ ಪಾಠದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಸಮಯವಿಲ್ಲವೆಂದು ಉಳಿದದ್ದೆಲ್ಲ ಬಿಟ್ಟರೂ ಇದನ್ನು ಬಿಡಬಾರದು. ಎರಡು ಲೋಟ ಇಟ್ಟುಕೊಂಡು, ಒಂದರಲ್ಲಿ ಐಸಿನ ಚೂರಿಲ್ಲದ, ಸೊನ್ನೆ ಡಿಗ್ರಿಯ 100 ಗ್ರಾಂ ನೀರು. ಇನ್ನೊಂದರಲ್ಲಿ ಸೊನ್ನೆ ಡಿಗ್ರಿಯ 100 ಗ್ರಾಂ ಐಸು. ಫ್ರೀಜರಿನಿಂದ ಆಗಷ್ಟೇ ತೆಗೆದ ಐಸು ಸೊನ್ನೆಗಿಂತ ಬಹಳ ಕೆಳಗಿರುತ್ತದೆ, ಅದು ಬೆವರತೊಡಗುವವರೆಗೆ ಕಾದು, ಬಟ್ಟೆಯಲ್ಲಿ ಒರೆಸಿ ತೂಗಬೇಕು. ಎರಡಕ್ಕೂ 60 ಡಿಗ್ರಿಯ 100 ಗ್ರಾಂ ಬಿಸಿನೀರನ್ನು ಶಿಕ್ಷಕರೇ ಸುರಿದು ಕಲಕಬೇಕು. ನೀರಿದ್ದ ಲೋಟ 30 ಡಿಗ್ರಿಯ ಆಸುಪಾಸಿಗೆ ಬರುತ್ತದೆ; ಇದನ್ನು ಮಕ್ಕಳು ಮೊದಲೇ ಲೆಕ್ಕ ಹಾಕಿ ಹೇಳಿರುತ್ತಾರೆ. ಐಸಿದ್ದ ಲೋಟ ಸೊನ್ನೆಯಲ್ಲೇ ಉಳಿಯುತ್ತದೆ, ಸುಮಾರು ಕಾಲು ಭಾಗ ಐಸು ಇನ್ನೂ ತೇಲುತ್ತಿರುತ್ತದೆ. ಸುರಿದ ಬಿಸಿ ಒಂದೇ, ಫಲ ಎರಡು. ಎರಡನೆಯ ಲೋಟದಲ್ಲಿ ಆ ಉಷ್ಣವೆಲ್ಲ ಐಸನ್ನು ನೀರಾಗಿಸುವುದಕ್ಕೇ ಖರ್ಚಾಯಿತು.

ಒಂದು ಗ್ರಾಂ ಐಸನ್ನು ಸೊನ್ನೆ ಡಿಗ್ರಿಯಲ್ಲೇ ನೀರು ಮಾಡಲು ಸುಮಾರು 334 ಜೂಲ್ ಉಷ್ಣ ಬೇಕು. ಅಷ್ಟೇ ಉಷ್ಣದಿಂದ ಒಂದು ಗ್ರಾಂ ನೀರನ್ನು ಸೊನ್ನೆಯಿಂದ 80 ಡಿಗ್ರಿಯವರೆಗೆ ಕಾಯಿಸಬಹುದು. ಐಸನ್ನು ಕರಗಿಸಲು ಬೇಕಾದ ಈ ಉಷ್ಣಕ್ಕೆ ಗುಪ್ತೋಷ್ಣ ಎಂದು ಹೆಸರು. ಇದನ್ನು ಮೊದಲು ಅಳೆದವನು ಗ್ಲಾಸ್ಗೋ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್, 1760ರ ದಶಕದ ಆರಂಭದಲ್ಲಿ. ಅವನ ಉಪಾಯ ಹಳ್ಳಿಯ ಶಾಲೆಯಲ್ಲೂ ಮಾಡಬಹುದಾದಷ್ಟು ಸರಳ: ಒಂದೇ ಬಗೆಯ ಎರಡು ಗಾಜಿನ ಬುರುಡೆಗಳಲ್ಲಿ ಸಮತೂಕದ ನೀರು, ಒಂದು ಹೆಪ್ಪುಗಟ್ಟಿದ್ದು, ಇನ್ನೊಂದು ಹೆಪ್ಪುಗಟ್ಟುವ ಅಂಚಿನವರೆಗೆ ತಣಿಸಿದ್ದು, ಎರಡನ್ನೂ ಒಂದೇ ಕೋಣೆಯಲ್ಲಿ ತೂಗುಹಾಕಿದ. ತಣ್ಣೀರು ಅರ್ಧ ಗಂಟೆಯಲ್ಲಿ ಏರಿದಷ್ಟು ತಾಪಮಾನಕ್ಕೆ ಐಸಿನ ಬುರುಡೆ ಏರಲು ಹತ್ತೂವರೆ ಗಂಟೆ ಹಿಡಿಯಿತು. ಹಿಮಾಲಯದ ಹಿಮವೆಲ್ಲ ಬೇಸಿಗೆಯ ಮೊದಲ ಬಿಸಿಲಿಗೇ ಕರಗಿ ಗಂಗೆಯಲ್ಲಿ ಪ್ರಳಯವಾಗದಿರುವುದಕ್ಕೆ ಈ ಗುಣವೇ ಕಾರಣ.

ಇದರ ಉಪಯೋಗವನ್ನು ಮಕ್ಕಳು ತಮ್ಮೂರಲ್ಲೇ ಕಾಣಬಹುದು. ಪೋಲಿಯೊ ಹನಿ ಹಾಕುವ ಭಾನುವಾರ ಆರೋಗ್ಯ ಕಾರ್ಯಕರ್ತೆಯರು ಹೆಗಲಿಗೆ ಹಾಕಿಕೊಂಡು ಬರುವ ಪೆಟ್ಟಿಗೆಯಲ್ಲಿ ಚಪ್ಪಟೆಯಾದ ನಾಲ್ಕು ಐಸ್ ಪ್ಯಾಕುಗಳಿರುತ್ತವೆ. ಕರಗುತ್ತಿರುವಷ್ಟು ಹೊತ್ತು ಅವು ಸೊನ್ನೆಯಲ್ಲೇ ಇರುವುದರಿಂದ ಪೆಟ್ಟಿಗೆಯೊಳಗೆ ತಂಪು ದಿನವಿಡೀ ಉಳಿಯುತ್ತದೆ. ಆದರೆ ಎಲ್ಲ ಲಸಿಕೆಗಳಿಗೂ ಅತಿ ತಂಪು ಒಗ್ಗುವುದಿಲ್ಲ. ಹೆಪಟೈಟಿಸ್ ಬಿ, ಪೆಂಟಾವೇಲೆಂಟ್, ಟಿಡಿ ಲಸಿಕೆಗಳು ಹೆಪ್ಪುಗಟ್ಟಿದರೆ ಕೆಟ್ಟುಹೋಗುತ್ತವೆ, ಅವನ್ನು 2ರಿಂದ 8 ಡಿಗ್ರಿಯ ಒಳಗೇ ಇಡಬೇಕು. ಅದಕ್ಕಾಗಿ ಫ್ರೀಜರಿನಿಂದ ತೆಗೆದ ಪ್ಯಾಕನ್ನು ಕೂಡಲೇ ಪೆಟ್ಟಿಗೆಗೆ ಹಾಕದೆ, ಸ್ವಲ್ಪ ಹೊತ್ತು ಹೊರಗಿಟ್ಟು, ಅಲುಗಿಸಿದಾಗ ಒಳಗೆ ನೀರು ಕುಲುಕುವ ಸದ್ದು ಕೇಳಿದ ಮೇಲೆ ಹಾಕುತ್ತಾರೆ. ನೀರೂ ಐಸೂ ಒಟ್ಟಿಗಿದ್ದರೆ ತಾಪಮಾನ ಸೊನ್ನೆ. ಆ ಸದ್ದೇ ಅಲ್ಲಿ ಥರ್ಮಾಮೀಟರು. ಊರಿನ ಆರೋಗ್ಯ ಕಾರ್ಯಕರ್ತೆಯನ್ನು ಶಾಲೆಗೆ ಕರೆಸಿ ಇದನ್ನು ತೋರಿಸಿದರೆ ಗುಪ್ತೋಷ್ಣದ ಪಾಠ ಮಕ್ಕಳು ಮರೆಯುವುದಿಲ್ಲ.

ತೂಕದ ಪ್ರಶ್ನೆ ಚಿಕ್ಕದು, ಆದರೆ ಎಚ್ಚರ ಬೇಕು. ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಐಸಿಟ್ಟು ತೂಗಿ, ಕರಗಿದ ಮೇಲೆ ಮತ್ತೆ ತೂಗಿದರೆ ತೂಕ ಅಷ್ಟೇ ಇರಬೇಕು. ಸೂಕ್ಷ್ಮವಾದ ತಕ್ಕಡಿಯಲ್ಲಿ ತುಸು ಹೆಚ್ಚೇ ಬರುತ್ತದೆ, ಯಾಕೆಂದರೆ ಡಬ್ಬಿಯ ಹೊರಮೈ ಮೇಲೆ ಹನಿ ಕೂತಿರುತ್ತದೆ. ಈ ಹನಿ ಒಳಗಿನಿಂದ ಜಿನುಗಿದ್ದು ಎನ್ನುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಒಳಗಿನ ನೀರಿಗೆ ಬೀಟ್‌ರೂಟ್ ರಸ ಬೆರೆಸಿಟ್ಟರೆ ಉತ್ತರ ತಾನಾಗಿ ಸಿಗುತ್ತದೆ: ಹೊರಗಿನ ಹನಿಗೆ ಬಣ್ಣವಿಲ್ಲ. ಅದು ಗಾಳಿಯಲ್ಲಿದ್ದ ಆವಿ. ಮಳೆಗಾಲದ ಅಕ್ಟೋಬರಿನಲ್ಲಿ ಹನಿ ಧಾರಾಳವಾಗಿ ಕೂರುತ್ತದೆ, ಒಣ ಹವೆಯ ಮಾರ್ಚಿನಲ್ಲಿ ಕಡಿಮೆ. ಒಂದೇ ಪ್ರಯೋಗವನ್ನು ಎರಡೂ ತಿಂಗಳಲ್ಲಿ ಮಾಡಿ ಹೋಲಿಸಬಹುದು.

ತೂಕ ಬದಲಾಗದಿದ್ದರೂ ಗಾತ್ರ ಬದಲಾಗುತ್ತದೆ. ಹೆಚ್ಚಿನ ವಸ್ತುಗಳು ಗಟ್ಟಿಯಾದಾಗ ಕುಗ್ಗುತ್ತವೆ, ನೀರು ಹಿಗ್ಗುತ್ತದೆ, ಅದೂ ಸುಮಾರು ನೂರಕ್ಕೆ ಒಂಬತ್ತರಷ್ಟು. ಪ್ಲಾಸ್ಟಿಕ್ ಬಾಟಲಿಯಲ್ಲಿ ಮುಕ್ಕಾಲು ಮಟ್ಟಕ್ಕೆ ನೀರು ತುಂಬಿ, ಗೆರೆ ಹಾಕಿ, ಫ್ರಿಜ್ಜಿರುವ ಮನೆಯ ಮಗು ರಾತ್ರಿ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ತಂದರೆ ಗೆರೆಗಿಂತ ಮೇಲೆ ಐಸು ಕಾಣುತ್ತದೆ. ಹೆಪ್ಪುಗಟ್ಟುವಾಗ ನೀರಿನ ಅಣುಗಳು ಆರು ಮೂಲೆಯ ಚೌಕಟ್ಟಿನಲ್ಲಿ, ನಡುವೆ ಜಾಗ ಬಿಟ್ಟುಕೊಂಡು ಜೋಡಣೆಗೊಳ್ಳುವುದೇ ಇದಕ್ಕೆ ಕಾರಣ. ಇದು ಎಂಟನೇ ತರಗತಿಯ ಆಚೆಗಿನ ಮಾತು. ಚಿಕ್ಕವರಿಗೆ ಐಸು ತೇಲುವುದನ್ನು ತೋರಿಸಿದರೆ ಸಾಕು. ಅಂಚಿನವರೆಗೆ ನೀರು ತುಂಬಿದ ಲೋಟದಲ್ಲಿ ಐಸು ತೇಲುತ್ತಿದ್ದರೆ, ಅದು ಕರಗಿದಾಗ ನೀರು ಚೆಲ್ಲುತ್ತದೆಯೇ? ಚೆಲ್ಲುವುದಿಲ್ಲ. ಮುಳುಗಿದ ಭಾಗ ಎಷ್ಟು ನೀರನ್ನು ಪಕ್ಕಕ್ಕೆ ಸರಿಸಿತ್ತೋ, ಕರಗಿದ ಐಸು ಅಷ್ಟೇ ನೀರಾಗಿರುತ್ತದೆ.

ಗಟ್ಟಿಯಾಗುವುದನ್ನು ಕರೆಂಟಿಲ್ಲದ ತರಗತಿಯಲ್ಲೂ ತೋರಿಸಬಹುದು. ಪುಡಿಮಾಡಿದ ಐಸು ಮೂರು ಪಾಲು, ಕಲ್ಲುಪ್ಪು ಒಂದು ಪಾಲು ಬಕೆಟ್ಟಿನಲ್ಲಿ ಬೆರೆಸಿ, ನಡುವೆ ಸ್ವಲ್ಪ ನೀರು ಹಾಕಿದ ಸಣ್ಣ ಸ್ಟೀಲ್ ಲೋಟವನ್ನು ನಿಲ್ಲಿಸಬೇಕು. ಉಪ್ಪು ಸೇರಿದಾಗ ನೀರಿನ ಹೆಪ್ಪುಗಟ್ಟುವ ಬಿಂದು ಸೊನ್ನೆಗಿಂತ ಕೆಳಗಿಳಿಯುತ್ತದೆ. ಐಸು ಭರದಿಂದ ಕರಗುತ್ತದೆ, ಅದಕ್ಕೆ ಬೇಕಾದ ಉಷ್ಣವನ್ನು ಸುತ್ತಲಿನಿಂದ, ಲೋಟದ ನೀರಿನಿಂದಲೂ, ಎಳೆದುಕೊಳ್ಳುತ್ತದೆ. ಮಿಶ್ರಣ ಸೊನ್ನೆಗಿಂತ 10 ಡಿಗ್ರಿಯಷ್ಟು ಕೆಳಗೆ ಸುಲಭವಾಗಿ ಇಳಿಯುತ್ತದೆ, ಕೊನೆಯ ಮಿತಿ ಸೊನ್ನೆಗಿಂತ 21 ಡಿಗ್ರಿ ಕೆಳಗೆ. ಸ್ವಲ್ಪ ಹೊತ್ತಿನಲ್ಲೇ ಲೋಟದ ಒಳಗೋಡೆಗೆ ಐಸಿನ ಪದರ ಅಂಟಿಕೊಳ್ಳುತ್ತದೆ. ಕರಗುವುದರಿಂದಲೇ ಹೆಪ್ಪುಗಟ್ಟುವುದು ನಡೆಯುತ್ತದೆ ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಕುಲ್ಫಿ ಮಾಡುವವರು ಮಡಕೆಯಲ್ಲಿ ಐಸಿಗೆ ಉಪ್ಪು ಹಾಕುವುದು ಇದಕ್ಕೇ.

ಐಸ್ ಫ್ಯಾಕ್ಟರಿಗಳಲ್ಲೂ ಉಪ್ಪುನೀರೇ ಕೆಲಸ ಮಾಡುತ್ತದೆ. ಅಮೋನಿಯಾ ಯಂತ್ರದಿಂದ ಸೊನ್ನೆಗಿಂತ ಕೆಳಕ್ಕೆ ತಣಿಸಿದ ಉಪ್ಪುನೀರಿನ ತೊಟ್ಟಿಯಲ್ಲಿ ನೀರು ತುಂಬಿದ ತಗಡಿನ ಡಬ್ಬಗಳನ್ನು ಇಳಿಬಿಡುತ್ತಾರೆ. ಉಪ್ಪುನೀರು ಹೆಪ್ಪುಗಟ್ಟದೆ ಹರಿಯುತ್ತಾ ಡಬ್ಬದ ನೀರಿನ ಉಷ್ಣವನ್ನು ಒಯ್ಯುತ್ತದೆ. ಗಡ್ಡೆ ಹೊರಗಿನಿಂದ ಒಳಕ್ಕೆ ಬೆಳೆಯುವುದರಿಂದ ಅದರ ಅಂಚು ಗಾಜಿನಂತೆ ತಿಳಿ, ನಡುವು ಬಿಳಿ. ಐಸಿನ ಹರಳು ತನ್ನ ಜೋಡಣೆಯೊಳಗೆ ಬೇರೇನನ್ನೂ ಸೇರಿಸಿಕೊಳ್ಳುವುದಿಲ್ಲ. ನೀರಿನಲ್ಲಿ ಕರಗಿದ ಗಾಳಿ, ಲವಣ ಎಲ್ಲವನ್ನೂ ಒಳಕ್ಕೆ ತಳ್ಳುತ್ತಾ ಹೋಗುತ್ತದೆ, ಕೊನೆಗೆ ಅವು ನಡುವೆ ಸಿಕ್ಕಿಕೊಳ್ಳುತ್ತವೆ. ಹೊಸೂರು ಸೀಮೆಯ ಬೋರ್‌ವೆಲ್ ನೀರು ಬಹುತೇಕ ಗಡಸು. ಅದನ್ನು ಹೆಪ್ಪುಗಟ್ಟಿಸಿದರೆ ನಡುವಿನ ಬಿಳಿ ಚೆನ್ನಾಗಿ ಕಾಣುತ್ತದೆ.

ಆಲಿಕಲ್ಲಿನದು ಇನ್ನೂ ಸೋಜಿಗದ ಸಂಗತಿ. ಏಪ್ರಿಲ್, ಮೇ ತಿಂಗಳಲ್ಲಿ ನೆಲ ಸುಡುತ್ತಿರುವಾಗಲೇ, ಮಾವಿನ ಕಾಯಿ ಬಲಿಯುವ ಹೊತ್ತಿಗೇ ಅದು ಬೀಳುವುದು, ಕೃಷ್ಣಗಿರಿಯ ತೋಟಗಳಿಗೆ ಪೆಟ್ಟು. ಅಷ್ಟು ಸೆಕೆಯಲ್ಲಿ ಐಸು ಎಲ್ಲಿಂದ? ಇಲ್ಲಿ ಆಕಾಶದಲ್ಲಿ ಸುಮಾರು 5 ಕಿಲೋಮೀಟರು ಮೇಲೆ ಹೋದರೆ ತಾಪಮಾನ ಸೊನ್ನೆಗಿಳಿಯುತ್ತದೆ. ಕಾದ ನೆಲದಿಂದ ಭರದಿಂದ ಏಳುವ ಗಾಳಿ ಮೋಡದ ಹನಿಗಳನ್ನು ಅದಕ್ಕೂ ಮೇಲೆ ಒಯ್ಯುತ್ತದೆ. ಆದರೂ ಆ ಹನಿಗಳೆಲ್ಲ ತಕ್ಷಣ ಗಟ್ಟಿಯಾಗುವುದಿಲ್ಲ. ಹೆಪ್ಪುಗಟ್ಟಲು ಒಂದು ಧೂಳಿನ ಕಣವೋ ಐಸಿನ ಚೂರೋ ನೆಲೆಯಾಗಿ ಸಿಗಬೇಕು. ಸಿಗದಿದ್ದರೆ ಶುದ್ಧವಾದ ಸಣ್ಣ ಹನಿ ಸೊನ್ನೆಗಿಂತ 30, 35 ಡಿಗ್ರಿ ಕೆಳಗೂ ದ್ರವವಾಗಿಯೇ ಇರಬಲ್ಲದು. ಅಂಥ ಹನಿಗಳು ಒಂದು ಐಸಿನ ಕಾಳಿಗೆ ತಾಗಿದ ಕ್ಷಣವೇ ಹೆಪ್ಪುಗಟ್ಟಿ ಅದಕ್ಕೆ ಅಂಟುತ್ತವೆ, ಕಾಳು ಪದರ ಪದರವಾಗಿ ಬೆಳೆದು, ಗಾಳಿ ಹೊರಲಾರದಷ್ಟು ಭಾರವಾದಾಗ ಬೀಳುತ್ತದೆ. ದೊಡ್ಡ ಆಲಿಕಲ್ಲೊಂದನ್ನು ಕೂಡಲೇ ಚಾಕುವಿನಿಂದ ಸೀಳಿದರೆ ಬಿಳಿ, ತಿಳಿ ಉಂಗುರಗಳು ಕಾಣಬಹುದು. ಪಾಠಪಟ್ಟಿ ಯಾವ ತಿಂಗಳನ್ನೇ ಹೇಳಲಿ, ಆಲಿಕಲ್ಲು ಬಿದ್ದ ದಿನವೇ ಈ ಪಾಠಕ್ಕೆ ತಕ್ಕ ದಿನ. ಮಳೆ ನಿಂತ ಮೇಲೆ ಮಕ್ಕಳು ಆರಿಸಿ ತಂದದ್ದನ್ನು ತೂಗಬಹುದು, ಅಳೆಯಬಹುದು, ಕರಗಿಸಿ ತಳದಲ್ಲಿ ಧೂಳು ಉಳಿದಿದೆಯೇ ನೋಡಬಹುದು.

ಹೊಸೂರಿನ ಹಸಿರುಮನೆಗಳಲ್ಲಿ ತಂದೆತಾಯಿ ದುಡಿಯುವ ಮಕ್ಕಳಿಗೆ ಕೋಲ್ಡ್ ರೂಮು ಹೊಸದಲ್ಲ. ಫೆಬ್ರುವರಿಯ ಪ್ರೇಮಿಗಳ ದಿನಕ್ಕೆ ವಿದೇಶಕ್ಕೆ ಹೋಗುವ ಗುಲಾಬಿಗಳನ್ನು 2ರಿಂದ 4 ಡಿಗ್ರಿಯಲ್ಲಿ ಇಡುತ್ತಾರೆ, ಹೆಪ್ಪುಗಟ್ಟಲು ಬಿಡುವುದಿಲ್ಲ. ಯಾಕೆಂಬುದನ್ನು ರಾಯಕೋಟೆಯ ಟೊಮೆಟೊ ಒಂದರಿಂದ ತೋರಿಸಬಹುದು. ಒಂದು ಹಣ್ಣನ್ನು ಫ್ರಿಜ್ಜಿನ ತಂಪಿನಲ್ಲಿ, ಇನ್ನೊಂದನ್ನು ಫ್ರೀಜರಿನಲ್ಲಿ ಒಂದು ರಾತ್ರಿ ಇಟ್ಟು ಹೊರತೆಗೆದರೆ ಮೊದಲನೆಯದು ಹಾಗೇ ಇರುತ್ತದೆ, ಎರಡನೆಯದು ಕರಗುತ್ತಲೇ ಮೆತ್ತಗಾಗಿ ರಸ ಬಿಡುತ್ತದೆ. ಒಳಗಿನ ನೀರು ಐಸಾಗಿ ಹಿಗ್ಗಿ, ಹರಳಿನ ಮೊನೆಗಳು ಜೀವಕೋಶಗಳ ಗೋಡೆಯನ್ನು ಹರಿದಿರುತ್ತವೆ. ನೀರಿಗೆ ಇದು ಹಿಂದಿರುಗುವ ಬದಲಾವಣೆ, ಟೊಮೆಟೊಗೆ ಅಲ್ಲ. ಪುಸ್ತಕದ ವ್ಯಾಖ್ಯೆಯನ್ನು ಬರೆಸುವಾಗ ಈ ವ್ಯತ್ಯಾಸವನ್ನೂ ಕೇಳಬೇಕು.

ಇಷ್ಟನ್ನೂ ಒಂದೇ ವರ್ಷದಲ್ಲಿ ತುರುಕಬೇಕಿಲ್ಲ. ಒಂದು, ಎರಡನೇ ತರಗತಿಯವರು ಮುಟ್ಟಿ, ಕಂಡದ್ದನ್ನು ಹೇಳಿದರೆ ಸಾಕು. ತಟ್ಟೆ, ಕಂಬಳಿಯ ಪ್ರಯೋಗಗಳು ಮೂರರಿಂದ ಐದನೇ ತರಗತಿಗೆ. ಥರ್ಮಾಮೀಟರು, ಗ್ರಾಫು, ಉಪ್ಪಿನ ಮಿಶ್ರಣ ಆರರಿಂದ ಎಂಟಕ್ಕೆ. ತಮಿಳುನಾಡು ಸರ್ಕಾರ 2022ರ ನವೆಂಬರಿನಲ್ಲಿ ಶುರುಮಾಡಿದ ‘ವಾನವಿಲ್ ಮನ್ರಂ’ ಯೋಜನೆ ಇದೇ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ವಿಜ್ಞಾನ, ಗಣಿತವನ್ನು ಮಾಡಿ ಕಲಿಸುವುದಕ್ಕೆ. ಗಡಿಯ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳ ಮನೆಯಲ್ಲಿ ಕನ್ನಡವಿರಬಹುದು, ತೆಲುಗಿರಬಹುದು, ಬೀದಿಯಲ್ಲಿ ತಮಿಳಿರುತ್ತದೆ. ಏನಾಗಬಹುದು ಎಂದು ಊಹಿಸುವಾಗ, ವಾದಿಸುವಾಗ ಅವರು ಯಾವ ಮಾತಿನಲ್ಲಾದರೂ ಆಡಲಿ. ಪುಸ್ತಕದ ಪದಗಳನ್ನು ಕಂಡದ್ದಾದ ಮೇಲೆ ಕೊಟ್ಟರೆ ನಿಲ್ಲುತ್ತವೆ.

ಕೆಲವು ಎಚ್ಚರಿಕೆಗಳು ಕಡ್ಡಾಯ. ಮೀನಂಗಡಿಗೆ ಬರುವ ಐಸು ಕುಡಿಯುವ ನೀರಿನದಲ್ಲದಿರಬಹುದು, ಮಕ್ಕಳು ಬಾಯಿಗೆ ಹಾಕಬಾರದು. ಐಸು ಮತ್ತು ಉಪ್ಪಿನ ಮಿಶ್ರಣವನ್ನು ಬರಿಗೈಯಲ್ಲಿ ಹಿಡಿದರೆ ಚರ್ಮ ಸುಟ್ಟಂತೆ ಬೊಬ್ಬೆ ಏಳುತ್ತದೆ, ಸೌಟಿನಿಂದಲೇ ಕಲಕಬೇಕು. ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಫ್ರೀಜರಿನಲ್ಲಿಡಕೂಡದು, ಹಿಗ್ಗುವ ಐಸು ಗಾಜನ್ನು ಸೀಳುತ್ತದೆ. ಡ್ರೈ ಐಸ್ ನೀರಿನ ಐಸಲ್ಲ, ಗಟ್ಟಿಯಾದ ಇಂಗಾಲದ ಡೈಆಕ್ಸೈಡ್. ಸೊನ್ನೆಗಿಂತ 78 ಡಿಗ್ರಿ ಕೆಳಗಿರುವ ಅದನ್ನು ತರಗತಿಗೆ ತರಲೇಬಾರದು. ಕೊನೆಗೆ ಬಕೆಟ್ಟಿನಲ್ಲಿ ಉಳಿಯುವ ಉಪ್ಪುನೀರನ್ನು ಶಾಲೆಯ ಗಿಡಗಳ ಬುಡಕ್ಕೆ ಸುರಿಯುವುದು ಬೇಡ. ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹಾಕಿ ಬಿಸಿಲಿಗಿಟ್ಟರೆ ನೀರು ಆರಿ ಉಪ್ಪು ಉಳಿಯುತ್ತದೆ, ಆವಿಯಾಗುವುದರ ಪಾಠವನ್ನು ಅದರಿಂದಲೇ ಶುರು ಮಾಡಬಹುದು.